ತ್ಯಾಜ್ಯದ ನೀರಿನಿಂದ ಚಿನ್ನ, ಪಲ್ಲಾಡಿಯಂ ಹಿಡಿಯಲು ಯಾವ ಇದ್ದಿಲು, ಎಲ್ಲಿ ಇದ್ದಿಲೇ ಬೇಡ

ಹಳೆಯ ಮೊಬೈಲ್ ಬೋರ್ಡು ಕರಗಿಸಿದ ದ್ರಾವಣವಿರಲಿ, ಚಿನ್ನದ ಪ್ಲೇಟಿಂಗ್ ಘಟಕದಲ್ಲಿ ತೊಳೆದು ಚೆಲ್ಲುವ ನೀರಿರಲಿ, ಅದರಲ್ಲಿರುವ ಲೋಹವನ್ನು ಮರಳಿ ಪಡೆಯಲು ಹೊರಟವರು ಮೊದಲು ಕೇಳುವುದು "ಯಾವ ಆಕ್ಟಿವೇಟೆಡ್ ಕಾರ್ಬನ್ ತರಲಿ?" ಎಂದು, ಅಂದರೆ ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಸಕ್ರಿಯ ಇದ್ದಿಲು. ಮಾರುವವರು ಮೇಲ್ಮೈ ವಿಸ್ತೀರ್ಣದ ಅಂಕಿ ತೋರಿಸುತ್ತಾರೆ. ಆ ಅಂಕಿ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಒಂದು ಗ್ರಾಂ ಒಳ್ಳೆಯ ಸಕ್ರಿಯ ಇದ್ದಿಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1,000 ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆ ಜಮೀನಿನಷ್ಟಾಗುತ್ತದೆ. ಆದರೆ ಆಯ್ಕೆಯನ್ನು ಅಲ್ಲಿಂದ ಶುರು ಮಾಡಬಾರದು. ಲೋಹ ಆ ನೀರಿನಲ್ಲಿ ಯಾವ ರೂಪದಲ್ಲಿದೆ? ಇದ್ದಿಲಿಗೆ ಹತ್ತಿದ ಮೇಲೆ ಅದನ್ನು ಹೇಗೆ ಬಿಡಿಸಿಕೊಳ್ಳುತ್ತೀರಿ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನ ದಾರಿ ಬಹುಪಾಲು ನಿಚ್ಚಳವಾಗುತ್ತದೆ. ಕೆಲವು ಸಲ ಇದ್ದಿಲೇ ಬೇಡ ಎಂಬ ತೀರ್ಮಾನಕ್ಕೂ ಬರುತ್ತೀರಿ, ಅದೂ ಒಳ್ಳೆಯ ತೀರ್ಮಾನವೇ.

ಈ ಕೆಲಸ ಈಗ ಎಷ್ಟು ತುರ್ತಿನದು ಎಂಬುದಕ್ಕೆ ಎರಡು ಮಾತು ಸಾಕು. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಉತ್ಪಾದಕರ ಹೊಣೆಯ ಪ್ರಮಾಣಪತ್ರಗಳನ್ನು ಲೋಹದ ಲೆಕ್ಕದಲ್ಲೇ ಕೊಡುತ್ತಾರೆ, ಆ ಪಟ್ಟಿಯಲ್ಲಿ ಚಿನ್ನವೂ ಇದೆ. ಮರಳಿ ಪಡೆದ ಒಂದೊಂದು ಗ್ರಾಮಿಗೂ ಈಗ ಕಾಗದದ ಮೇಲೂ ಬೆಲೆ ಬಂದಿದೆ.

ಮೊದಲು ನೀರಿನ ಗುಣ ತಿಳಿಯಿರಿ

ಚಿನ್ನವನ್ನೇ ತೆಗೆದುಕೊಳ್ಳೋಣ. ಸೈನೈಡ್ ದ್ರಾವಣದಲ್ಲಿ ಅದು ಎರಡು ಸೈನೈಡ್‌ಗಳ ನಡುವೆ ಕೂತ, ಋಣ ವಿದ್ಯುದಂಶವುಳ್ಳ ಅಯಾನು. ಇದ್ದಿಲಿನ ಅತಿಸಣ್ಣ ರಂಧ್ರಗಳೊಳಗೆ ಅದು ನೀರಿನಲ್ಲಿರುವ ಕ್ಯಾಲ್ಸಿಯಂ ಅಥವಾ ಸೋಡಿಯಂ ಜೊತೆ ಜೋಡಿಯಾಗಿ ನೆಲೆಸುತ್ತದೆ. ತನ್ನ ರೂಪವನ್ನು ಕಳೆದುಕೊಳ್ಳುವುದಿಲ್ಲ. ಹಾಗಾಗಿಯೇ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ ಹರಿಸಿದಾಗ ಎದ್ದು ಈಚೆ ಬರುತ್ತದೆ. ತಣ್ಣಗಿದ್ದು, ಲವಣ ಹೆಚ್ಚಿದ್ದಾಗ ಹಿಡಿತ ಬಿಗಿ. ಬಿಸಿಯಾಗಿ, ಲವಣ ಕಡಿಮೆಯಾದಾಗ ಹಿಡಿತ ಸಡಿಲ. ಚಿನ್ನದ ಗಣಿ ಉದ್ಯಮದ ಅರ್ಧ ಶತಮಾನದ ಇದ್ದಿಲು ಬಳಕೆ ನಿಂತಿರುವುದು ಈ ಒಂದು ಗುಣದ ಮೇಲೆ.

ಅದೇ ಚಿನ್ನವನ್ನು ಆಕ್ವಾ ರೀಜಿಯಾದಲ್ಲೋ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕ್ಲೋರಿನ್‌ನಲ್ಲೋ ಕರಗಿಸಿ, ಕ್ಲೋರೈಡ್ ರೂಪಕ್ಕೆ ತಂದರೆ ಕಥೆ ಪೂರ್ತಿ ಬದಲಾಗುತ್ತದೆ. ಇದ್ದಿಲು ಇಲ್ಲಿ ಚಿನ್ನದ ಅಯಾನನ್ನು ಅಪಕರ್ಷಿಸಿಬಿಡುತ್ತದೆ, ಅಂದರೆ ಎಲೆಕ್ಟ್ರಾನು ಕೊಟ್ಟು ಲೋಹವಾಗಿಸುತ್ತದೆ. ಅದರ ಮೈಮೇಲೆ ಲೋಹದ ಚಿನ್ನವೇ ಹರಳುಗಟ್ಟುತ್ತದೆ. ಹಿಡಿಯುವ ವಿಷಯದಲ್ಲಿ ಇದಕ್ಕಿಂತ ಸೊಗಸಾದ ವ್ಯವಸ್ಥೆ ಇಲ್ಲ. ಆದರೆ ಬಿಸಿ ಕಾಸ್ಟಿಕ್‌ನಿಂದ ಈ ಚಿನ್ನ ಅಲುಗುವುದಿಲ್ಲ. ಇದ್ದಿಲನ್ನು ಸುಡಬೇಕು, ಇಲ್ಲವೇ ಮತ್ತೆ ಕರಗಿಸಬೇಕು. ಇನ್ನೊಂದು ಎಚ್ಚರ: ದ್ರಾವಣದಲ್ಲಿ ನೈಟ್ರಿಕ್ ಆಮ್ಲವೋ ಕ್ಲೋರಿನ್ನೋ ಉಳಿದಿದ್ದರೆ ಇದ್ದಿಲಿನ ಶಕ್ತಿ ಅದನ್ನು ತಣಿಸುವುದರಲ್ಲೇ ಖರ್ಚಾಗುತ್ತದೆ. ಮೊದಲು ಅದನ್ನು ಕಳೆಯಬೇಕು.

ಥಯೋಸಲ್ಫೇಟ್ ದ್ರಾವಣವಾದರೆ ಇದ್ದಿಲಿನ ಆಸೆ ಬಿಡಿ. ಸೈನೈಡ್ ಬದಲು ಥಯೋಸಲ್ಫೇಟ್ ಬಳಸುತ್ತಿದ್ದಾಗ ಅಮೆರಿಕದ ನೆವಾಡಾದ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ ರೆಸಿನ್ (ಅಯಾನುಗಳನ್ನು ಹಿಡಿಯುವ ಪ್ಲಾಸ್ಟಿಕ್‌ನಂಥ ಮಣಿಗಳು) ಇಟ್ಟಿದ್ದರು, ಇದ್ದಿಲು ಆ ರೂಪದ ಚಿನ್ನವನ್ನು ಹಿಡಿಯುವುದೇ ಕಷ್ಟ ಎಂಬ ಕಾರಣಕ್ಕೆ. ಪಲ್ಲಾಡಿಯಂ, ಪ್ಲಾಟಿನಂ ಕ್ಲೋರೈಡ್ ರೂಪದಲ್ಲಿದ್ದರೆ ಇದ್ದಿಲಿಗೆ ಚೆನ್ನಾಗಿ ಹತ್ತುತ್ತವೆ. ಅಮೋನಿಯಾ ಜೊತೆ ಸೇರಿ ಧನ ಅಯಾನಾಗಿದ್ದರೆ ಸಾದಾ ಇದ್ದಿಲು ಅಷ್ಟಾಗಿ ಸೆಳೆಯುವುದಿಲ್ಲ.

ಇದರ ಹಿಂದೆ ಒಂದು ಸರಳ ನಿಯಮವಿದೆ, 1963ರಲ್ಲಿ ರಾಲ್ಫ್ ಪಿಯರ್‌ಸನ್ ಹೇಳಿದ್ದು. ಮೃದು ಲೋಹಗಳು ಮೃದು ಜೊತೆಗಾರರನ್ನು, ಕಠಿಣ ಲೋಹಗಳು ಕಠಿಣ ಜೊತೆಗಾರರನ್ನು ಬಯಸುತ್ತವೆ. ಚಿನ್ನ, ಪಲ್ಲಾಡಿಯಂ, ಪ್ಲಾಟಿನಂ ಮೃದು. ಅವಕ್ಕೆ ಗಂಧಕ, ಸಾರಜನಕ ಇಷ್ಟ. ನಿಯೋಡೈಮಿಯಂನಂಥ ಅಪರೂಪದ ಭಸ್ಮಲೋಹಗಳು ಕಠಿಣ. ಅವಕ್ಕೆ ಆಮ್ಲಜನಕ ಬೇಕು. ಮೇಲ್ಮೈಯಲ್ಲಿ ಆಮ್ಲಜನಕದ ಗುಂಪುಗಳೇ ಇಲ್ಲದ ಶುದ್ಧ ಇದ್ದಿಲು ನಿಯೋಡೈಮಿಯಂಗೆ ಎಷ್ಟು ಗುಂಟೆ ಜಾಗ ಕೊಟ್ಟರೂ ಅದು ಕೂರುವುದಿಲ್ಲ.

ತೆಂಗಿನ ಚಿಪ್ಪು, ಕಲ್ಲಿದ್ದಲು, ಮರ

ಸೈನೈಡ್ ಚಿನ್ನಕ್ಕೆ ತೆಂಗಿನ ಚಿಪ್ಪಿನ ಇದ್ದಿಲಿಗೆ ಸಾಟಿಯಿಲ್ಲ. ಇದನ್ನು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಚಿಪ್ಪನ್ನು ಗಾಳಿಯಾಡದಂತೆ ಸುಟ್ಟು, ಆಮೇಲೆ 800ರಿಂದ 1,000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದಾಗ ಹುಟ್ಟುವ ರಂಧ್ರಗಳಲ್ಲಿ ಬಹುಪಾಲು 2 ನ್ಯಾನೊಮೀಟರ್‌ಗಿಂತ ಕಿರಿದಾದವು. ಸೈನೈಡ್ ಚಿನ್ನದ ಅಯಾನಿಗೆ ಅದು ಹೇಳಿ ಮಾಡಿಸಿದ ಅಳತೆ. ಆದರೆ ತೆಂಗು ಗೆದ್ದದ್ದು ರಂಧ್ರದಿಂದ ಮಾತ್ರವಲ್ಲ, ಗಟ್ಟಿತನದಿಂದ. ಗಣಿಯಲ್ಲಿ ಅದಿರಿನ ಕೆಸರಿನ ತೊಟ್ಟಿಗೇ ಇದ್ದಿಲಿನ ಕಾಳುಗಳನ್ನು ಸುರಿದು ಕಲಕುತ್ತಾರೆ. ಮೆದು ಇದ್ದಿಲಾದರೆ ಮರಳಿಗೆ ಉಜ್ಜಿ ಪುಡಿಯಾಗುತ್ತದೆ, ಪುಡಿ ಜರಡಿಯಿಂದ ನುಸುಳುತ್ತದೆ, ನುಸುಳಿದ ಪುಡಿಯ ಜೊತೆ ಅದು ಹಿಡಿದಿದ್ದ ಚಿನ್ನವೂ ತ್ಯಾಜ್ಯದ ಕೆರೆಗೆ ಹೋಗುತ್ತದೆ. ಹೊಸ ಇದ್ದಿಲನ್ನು ಬಳಸುವ ಮುಂಚೆ ನೀರಿನಲ್ಲಿ ಚೆನ್ನಾಗಿ ಕಲಕಿ, ಚೂಪು ಅಂಚುಗಳನ್ನು ಮೊದಲೇ ಉದುರಿಸಿ ತೆಗೆಯುವ ಪದ್ಧತಿ ಇರುವುದು ಇದೇ ಕಾರಣಕ್ಕೆ.

ಕಲ್ಲಿದ್ದಲಿನ ಇದ್ದಿಲು ಅಗ್ಗ, ಆದರೆ ಬೂದಿ ಹೆಚ್ಚು. ಆಮ್ಲದ ದ್ರಾವಣದಲ್ಲಿ ಆ ಬೂದಿಯೊಳಗಿನ ಕಬ್ಬಿಣ, ಕ್ಯಾಲ್ಸಿಯಂ ಕರಗಿ ನಿಮ್ಮ ನೀರಿಗೆ ಹೊಸ ಕಲ್ಮಶ ಸೇರಿಸುತ್ತವೆ. ಸುಟ್ಟು ಚಿನ್ನ ತೆಗೆಯುವವರಿಗೂ ಬೂದಿ ಹೆಚ್ಚಿದ್ದಷ್ಟೂ ಕರಗಿಸುವಾಗ ತೊಡಕು. ಮರದ ಇದ್ದಿಲನ್ನು ಫಾಸ್ಫರಿಕ್ ಆಮ್ಲ ಹಾಕಿ ತಯಾರಿಸಿದಾಗ 2ರಿಂದ 50 ನ್ಯಾನೊಮೀಟರ್‌ನ ನಡುವಿನ ರಂಧ್ರಗಳು ಹೆಚ್ಚು ಮೂಡುತ್ತವೆ, ಮೇಲ್ಮೈಯಲ್ಲಿ ಆಮ್ಲಜನಕದ ಗುಂಪುಗಳೂ ಉಳಿಯುತ್ತವೆ. ದೊಡ್ಡ ಅಣುಗಳಿಗೆ, ಬಣ್ಣ ತೆಗೆಯಲು, ಆಮ್ಲದಲ್ಲಿರುವ ಕೆಲವು ಧನ ಅಯಾನುಗಳಿಗೆ ಅದು ಒಳ್ಳೆಯದು. ಕೆಸರಿನ ತೊಟ್ಟಿಯಲ್ಲಿ ಮಾತ್ರ ಬಾಳುವುದಿಲ್ಲ.

ಸರಬರಾಜುದಾರರು ತೋರಿಸುವ ಅಯೋಡಿನ್ ಸಂಖ್ಯೆಯನ್ನು ಅತಿಯಾಗಿ ನಂಬಬೇಡಿ. ಸಣ್ಣ ರಂಧ್ರ ಎಷ್ಟಿದೆ ಎಂಬುದನ್ನು ಅದು ಅಂದಾಜಾಗಿ ತಿಳಿಸುತ್ತದೆ, ಅಷ್ಟೇ. ನಿಮ್ಮ ಲೋಹ ಎಷ್ಟು ಬೇಗ ಹತ್ತುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಕೇಳಬೇಕಾದದ್ದು ಗಟ್ಟಿತನದ ಸಂಖ್ಯೆ (ಒಳ್ಳೆಯ ಚಿಪ್ಪಿನ ಇದ್ದಿಲಿಗೆ ಅದು 97ಕ್ಕಿಂತ ಮೇಲಿರುತ್ತದೆ), ಬೂದಿಯ ಶೇಕಡಾವಾರು, ಕಾಳಿನ ಗಾತ್ರ (ಗಣಿಗಳಲ್ಲಿ ಸಾಮಾನ್ಯವಾಗಿ 6×12 ಅಥವಾ 8×16 ಮೆಶ್, ಅಂದರೆ ಜರಡಿಯ ಕಣ್ಣಿನ ಅಳತೆ), ಚಪ್ಪಟೆ ಚೂರುಗಳು ಎಷ್ಟು ಬೆರೆತಿವೆ ಎಂಬುದು. ಜೊತೆಗೆ ನಿಮ್ಮದೇ ನೀರಿನಲ್ಲಿ ಪರೀಕ್ಷಿಸಲು ಎರಡು ಕೆ.ಜಿ. ಸ್ಯಾಂಪಲ್. ಕೊಬ್ಬರಿಯ ತಿಪಟೂರು ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಆ ಚಿಪ್ಪು ಒಲೆಗೆ ಹೋಗುವ ಬದಲು ಈ ದರ್ಜೆಯ ಇದ್ದಿಲಾಗಿ ಮಾರುಕಟ್ಟೆಗೆ ಬರಬೇಕು ಎಂಬುದು ನನ್ನ ಬಹುದಿನದ ಆಸೆ.

ಇದ್ದಿಲು, ಸತುವಿನ ಪುಡಿ, ರೆಸಿನ್, ವಿದ್ಯುತ್ತು

ಕೋಲಾರದ ಗಣಿಗಳ ಏರುಗಾಲದಲ್ಲಿ ಸೈನೈಡ್ ದ್ರಾವಣದಿಂದ ಚಿನ್ನ ಇಳಿಸುತ್ತಿದ್ದದ್ದು ಸತು. ಸೈನೈಡ್‌ನಿಂದ ಚಿನ್ನ ಕರಗಿಸುವ ವಿಧಾನ ಗ್ಲಾಸ್ಗೊದಲ್ಲಿ ರೂಪುಗೊಂಡು, 1887ರಲ್ಲಿ ಪೇಟೆಂಟ್ ಪಡೆಯಿತು. ಸತುವಿನ ದಾರಿಗೆ ಒಂದು ಕಟ್ಟುನಿಟ್ಟು ಇದೆ. ದ್ರಾವಣ ತಿಳಿಯಾಗಿರಬೇಕು, ಅದರಲ್ಲಿ ಆಮ್ಲಜನಕ ಇರಬಾರದು. ಅಂದರೆ ಕೆಸರನ್ನು ಪೂರ್ತಿ ಸೋಸಬೇಕು. ನುಣ್ಣಗಿನ ಜೇಡಿ ಬೆರೆತ ಅದಿರಿನಲ್ಲಿ ಸೋಸುವ ಖರ್ಚೇ ಹೊರೆ. ಇದ್ದಿಲು ಗೆದ್ದದ್ದು ಇಲ್ಲಿ: ಸೋಸದೆ ಕೆಸರಿನಲ್ಲೇ ಹಾಕಿ, ಆಮೇಲೆ ಜರಡಿ ಹಿಡಿದು ಕಾಳುಗಳನ್ನು ಎತ್ತಿಕೊಳ್ಳಬಹುದು. 1950ರ ದಶಕದಲ್ಲಿ ಅಮೆರಿಕದ ಗಣಿ ಬ್ಯೂರೋದಲ್ಲಿ ಝಾಡ್ರಾ ಅವರು ಚಿನ್ನವನ್ನು ಇದ್ದಿಲಿನಿಂದ ಬಿಡಿಸುವ ವಿಧಾನ ಕಂಡುಕೊಂಡ ಮೇಲೆ, 1973ರಲ್ಲಿ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಗಣಿ ಇದನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿತು. ಬೆಳ್ಳಿ ಬಹಳ ಹೆಚ್ಚಿರುವ ದ್ರಾವಣಕ್ಕೆ ಮಾತ್ರ ಇಂದಿಗೂ ಸತುವೇ ಮೇಲು. ಬೆಳ್ಳಿಯ ಭಾರಕ್ಕೆ ಇದ್ದಿಲು ಬೇಗ ತುಂಬಿಹೋಗುತ್ತದೆ.

ರೆಸಿನ್ ಇದ್ದಿಲಿನ ನಿಜವಾದ ಎದುರಾಳಿ. ಉಜ್ಬೇಕಿಸ್ತಾನದ ಮುರುಂತೌ ಗಣಿಯಲ್ಲಿ ಸೋವಿಯತ್ ಕಾಲದಿಂದಲೂ ರೆಸಿನ್ ಇದೆ. ಲೋಹ ಬೇಗ ಹತ್ತುತ್ತದೆ, ಎಣ್ಣೆ-ಜಿಡ್ಡು, ಸಾವಯವ ಪದಾರ್ಥಗಳಿಂದ ಕೆಡುವುದು ಕಡಿಮೆ, ಪ್ರತಿ ಸುತ್ತಿಗೂ ಕುಲುಮೆಗೆ ಹಾಕಿ ಸುಟ್ಟು ಚೇತರಿಸಬೇಕಿಲ್ಲ. ಇದ್ದಿಲಿಗಾದರೆ 650-750 ಡಿಗ್ರಿಯ ಕುಲುಮೆ ಬೇಕೇ ಬೇಕು, ಇಲ್ಲದಿದ್ದರೆ ಕೆಲವು ಸುತ್ತಿನಲ್ಲಿ ಮಂಕಾಗುತ್ತದೆ. ಆದರೆ ರೆಸಿನ್ ದುಬಾರಿ, ಮಣಿಗಳು ಸಣ್ಣವು, ಜರಡಿಯಲ್ಲಿ ಹಿಡಿಯುವುದು ಕಷ್ಟ, ತಾಮ್ರ-ಸತು-ನಿಕ್ಕಲ್‌ನ ಸೈನೈಡ್‌ಗಳನ್ನೂ ಚಿನ್ನದ ಜೊತೆ ಬಾಚಿಕೊಳ್ಳುತ್ತದೆ. ಚಿನ್ನವನ್ನು ಆರಿಸಿ ಹಿಡಿಯುವುದರಲ್ಲಿ ಇದ್ದಿಲೇ ಮುಂದು. ತಾಮ್ರದ ಕಾಟ ಇದ್ದರೂ ಸೈನೈಡ್ ಸ್ವಲ್ಪ ಹೆಚ್ಚಿಟ್ಟರೆ ತಾಮ್ರ ಹೆಚ್ಚು ಸೈನೈಡ್ ಹೊತ್ತ ರೂಪಕ್ಕೆ ಹೋಗಿ ಇದ್ದಿಲಿನಿಂದ ದೂರ ಉಳಿಯುತ್ತದೆ. ಈ ಸಣ್ಣ ಹಿಕ್ಮತ್ತು ಗೊತ್ತಿಲ್ಲದೆ ಎಷ್ಟೋ ಕಡೆ ಇದ್ದಿಲನ್ನೇ ದೂರುತ್ತಾರೆ.

ಲೋಹ ಗಾಢವಾಗಿದ್ದರೆ ಈ ಯಾವುದೂ ಬೇಡ. ಪ್ಲೇಟಿಂಗ್ ತೊಟ್ಟಿಯ ಪಕ್ಕದಲ್ಲೇ ಮೊದಲ ತೊಳೆಯುವ ನೀರಿನಲ್ಲಿ ಲೀಟರಿಗೆ ನೂರಾರು ಮಿ.ಗ್ರಾಂ. ಚಿನ್ನವಿದ್ದರೆ ನೇರವಾಗಿ ವಿದ್ಯುತ್ ಹಾಯಿಸಿ ಕ್ಯಾಥೋಡಿನ ಮೇಲೆ ಇಳಿಸಿ. ಇದ್ದಿಲು ಮತ್ತು ರೆಸಿನ್ ಕೆಲಸ ಮಾಡಬೇಕಾದ ಜಾಗ ಲೀಟರಿಗೆ ಕೆಲವೇ ಮಿ.ಗ್ರಾಂ. ಉಳಿದಿರುವ ಕಡೆ, ವಿದ್ಯುತ್ ಹಾಯಿಸಿದರೆ ದುಡ್ಡು ದಂಡವಾಗುವ ಕಡೆ.

ಬಿಡಿಸಿಕೊಳ್ಳುವುದೋ, ಸುಡುವುದೋ

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 1,000 ಲೀಟರ್ ತೊಳೆದ ನೀರು, ಲೀಟರಿಗೆ 5 ಮಿ.ಗ್ರಾಂ. ಚಿನ್ನ. ಅಂದರೆ ದಿನಕ್ಕೆ 5 ಗ್ರಾಂ. ಇದ್ದಿಲು ಕೆ.ಜಿ.ಗೆ 5 ಗ್ರಾಂ ಹೊತ್ತುಕೊಂಡರೆ ಖರ್ಚಾಗುವುದು ದಿನಕ್ಕೆ ಒಂದು ಕೆ.ಜಿ. ಇದ್ದಿಲು. ಚಿನ್ನ ಗ್ರಾಮಿಗೆ 10 ಸಾವಿರ ರೂಪಾಯಿ ದಾಟಿರುವ ಕಾಲದಲ್ಲಿ 50 ಸಾವಿರದ ಚಿನ್ನಕ್ಕೆ ಒಂದು ಕೆ.ಜಿ. ಇದ್ದಿಲು ಸುಡುವುದು ಲೆಕ್ಕಕ್ಕೇ ಬಾರದ ಖರ್ಚು. ಇಷ್ಟು ಸಣ್ಣ ಘಟಕ ಬಿಸಿ ಕಾಸ್ಟಿಕ್-ಸೈನೈಡ್‌ನ ಗೋಪುರ ಕಟ್ಟುವುದು ದುಡ್ಡಿಗೂ ಜೀವಕ್ಕೂ ಅಪಾಯ. ಇದ್ದಿಲನ್ನು ಕೂಡಿಟ್ಟು, ಹೊಗೆ ತೊಳೆಯುವ ವ್ಯವಸ್ಥೆ ಇರುವ, ಅನುಮತಿ ಪಡೆದ ರಿಫೈನರಿಗೆ ಕೊಡಿ. ಸ್ವಂತ ಶೆಡ್ಡಿನಲ್ಲಿ ಸುಡಬೇಡಿ. ಅರೆಬೆಂದ ಸೈನೈಡ್, ಹಾರುವ ಬೂದಿ, ಬೂದಿಯ ಜೊತೆ ಹಾರುವ ಚಿನ್ನ, ಮೂರೂ ನಷ್ಟವೇ.

ದಿನಕ್ಕೆ 1,000 ಟನ್ ಅದಿರು ಅರೆಯುವ ಗಣಿಯಲ್ಲಿ ಮಾತು ಬೇರೆ. ಟನ್ನಿಗೆ 2 ಗ್ರಾಂ ಚಿನ್ನವಿದ್ದು, ಇದ್ದಿಲು ಟನ್ನಿಗೆ 4 ಕೆ.ಜಿ. ಹೊತ್ತುಕೊಂಡರೆ ದಿನಕ್ಕೆ ಅರ್ಧ ಟನ್ ಇದ್ದಿಲು ತಿರುಗಬೇಕು. ಅಲ್ಲಿ ಬಿಡಿಸುವುದೇ ಸರಿ. ಝಾಡ್ರಾ ವಿಧಾನದಲ್ಲಿ ಸುಮಾರು ಶೇ. 1ರ ಕಾಸ್ಟಿಕ್, ಶೇ. 0.1ರ ಸೈನೈಡ್ ದ್ರಾವಣವನ್ನು 95 ಡಿಗ್ರಿಯ ಹತ್ತಿರ ಇಟ್ಟು ಒಂದು ದಿನಕ್ಕೂ ಮೀರಿ ಸುತ್ತಿಸುತ್ತಾರೆ. ದಕ್ಷಿಣ ಆಫ್ರಿಕದ ಆಂಗ್ಲೊ ಅಮೆರಿಕನ್ ಪ್ರಯೋಗಾಲಯದ ವಿಧಾನದಲ್ಲಿ ಇದ್ದಿಲನ್ನು ಮೊದಲು ಕಾಸ್ಟಿಕ್-ಸೈನೈಡ್‌ನಲ್ಲಿ ನೆನೆಸಿ, ಆಮೇಲೆ 110 ಡಿಗ್ರಿಗೂ ಮೇಲಿನ ಬಿಸಿಯ, ಒತ್ತಡದಲ್ಲಿಟ್ಟ ಶುದ್ಧ ನೀರು ಹಾಯಿಸುತ್ತಾರೆ. ಕೆಲವು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಒಳ್ಳೆಯ ನೀರು ಬೇಕು. ಬೋರ್‌ವೆಲ್‌ನ ಗಡಸು ನೀರನ್ನೇ ನಂಬಿದ ಜಾಗದಲ್ಲಿ ಝಾಡ್ರಾವೇ ನೆಮ್ಮದಿ.

ಪ್ರಯೋಗಾಲಯದ ಹೊಸ ಇದ್ದಿಲುಗಳು

ಗಂಧಕ, ಸಾರಜನಕ, ಫಾಸ್ಫೋನಿಕ್ ಗುಂಪು ಅಂಟಿಸಿದ ಇದ್ದಿಲುಗಳ ಬಗ್ಗೆ ಪ್ರತಿ ವಾರವೂ ಪ್ರಬಂಧ ಬರುತ್ತದೆ. 2022ರಲ್ಲಿ ಅಪಕರ್ಷಿತ ಗ್ರಾಫೀನ್ ಆಕ್ಸೈಡ್ ಎಂಬ ಇಂಗಾಲದ ಅತಿತೆಳು ಹಾಳೆ ತನ್ನ ತೂಕಕ್ಕಿಂತ ಹೆಚ್ಚು ಚಿನ್ನ ಹೊತ್ತುಕೊಂಡದ್ದನ್ನು ಸಂಶೋಧಕರು ತೋರಿಸಿದರು. 2024ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲಿನ ನೀರಿನ ಪ್ರೋಟೀನಿನಿಂದ ಸ್ಪಂಜು ಮಾಡಿ, 20 ಹಳೆಯ ಕಂಪ್ಯೂಟರ್ ಮದರ್‌ಬೋರ್ಡ್‌ಗಳಿಂದ 450 ಮಿ.ಗ್ರಾಂ. ತೂಗುವ, 22 ಕ್ಯಾರೆಟ್‌ನ ಚಿನ್ನದ ಗುಂಡು ತೆಗೆದರು. ಇಂಥ ಕೆಲಸಗಳ ಬಗ್ಗೆ ನನಗೆ ಗೌರವವಿದೆ, ಮದರ್‌ಬೋರ್ಡಿನ ಆ ಪ್ರಯೋಗದ ಬಗ್ಗೆ ವಿಶೇಷವಾಗಿ. ಅವರು ನಿಜವಾದ ಕಸವನ್ನೇ ಕರಗಿಸಿ ನೋಡಿದರು. ಬಹಳಷ್ಟು ಪ್ರಬಂಧಗಳಲ್ಲಿ ಗ್ರಾಮಿಗೆ ಇಷ್ಟು ಮಿ.ಗ್ರಾಂ. ಎಂಬ ಸಂಖ್ಯೆ ಬಂದಿರುವುದು ಒಂದೇ ಲೋಹ ಇರುವ ಶುದ್ಧ ದ್ರಾವಣದಿಂದ. ನಿಮ್ಮ ಬೋರ್ಡಿನ ದ್ರಾವಣದಲ್ಲಿ ಚಿನ್ನಕ್ಕಿಂತ ತಾಮ್ರ ನೂರಾರು ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ಪ್ರಬಂಧ ಓದುವಾಗ ಮೂರು ವಿಷಯ ಹುಡುಕಿ: ಜೊತೆಗಿದ್ದ ತಾಮ್ರದ ಪ್ರಮಾಣ, ಬಿಡಿಸಿ ಮತ್ತೆ ಬಳಸಿದ ಸುತ್ತುಗಳು, ಕಾಳು ರೂಪದಲ್ಲಿದೆಯೇ ಪುಡಿಯೇ ಎಂಬುದು. ಪುಡಿಯನ್ನು ಕಾಲಮ್ಮಿಗೆ ತುಂಬಿದರೆ ನೀರು ಹರಿಯುವುದೇ ಇಲ್ಲ.

ಅಪರೂಪದ ಭಸ್ಮಲೋಹ, ಇಂಡಿಯಂ, ಗ್ಯಾಲಿಯಂಗಳಿಗೆ ಸಾದಾ ಇದ್ದಿಲು ಕೊಳ್ಳಬೇಡಿ. ಆಮ್ಲಜನಕದ ಅಥವಾ ಫಾಸ್ಫೋನಿಕ್ ಗುಂಪುಗಳಿರುವ ಇದ್ದಿಲು ತೆಳುವಾದ ದ್ರಾವಣಗಳಲ್ಲಿ, ಉದಾಹರಣೆಗೆ ಹಾರುಬೂದಿ ಕರಗಿಸಿದ ನೀರಿನಲ್ಲಿ, ಲೋಹವನ್ನು ಒಂದೆಡೆ ಕೂಡಿಸಲು ಉಪಯೋಗಕ್ಕೆ ಬರುತ್ತದೆ. ನಿಯೋಡೈಮಿಯಂನಿಂದ ಡಿಸ್ಪ್ರೋಸಿಯಂ ಬೇರೆ ಮಾಡಲು ಮಾತ್ರ ದ್ರಾವಕ ನಿಷ್ಕರ್ಷಣೆಯೇ (ನೀರಿಗೆ ಬೆರೆಯದ ದ್ರಾವಕಕ್ಕೆ ಲೋಹವನ್ನು ಎಳೆದುಕೊಳ್ಳುವ ವಿಧಾನ) ಬೇಕು. ಬಾಕ್ಸೈಟ್ ಕರಗಿಸುವ ಕಾಸ್ಟಿಕ್ ದ್ರಾವಣದಲ್ಲಿರುವ ಗ್ಯಾಲಿಯಂಗೆ ಅಮಿಡಾಕ್ಸಿಮ್ ರೆಸಿನ್ ಬಳಸುವುದು ರೂಢಿ. ಲಿಥಿಯಂಗೆ ಇದ್ದಿಲಿನಲ್ಲಿ ಜಾಗವೇ ಇಲ್ಲ ಎಂದುಕೊಳ್ಳಿ.

ಕೊಳ್ಳುವ ಮುಂಚಿನ ಪರೀಕ್ಷೆ, ಮರೆಯಬಾರದ ಎಚ್ಚರ

ನಿಮ್ಮದೇ ನೀರನ್ನು ಐದು ಬಾಟಲಿಗಳಿಗೆ ಲೀಟರಿನಂತೆ ತುಂಬಿ, ಅರ್ಧ, ಒಂದು, ಎರಡು, ಐದು ಗ್ರಾಂ ಒಣಗಿಸಿದ ಇದ್ದಿಲು ಹಾಕಿ, ಐದನೆಯದನ್ನು ಖಾಲಿ ಬಿಡಿ. ಒಂದು ದಿನ ನಿಧಾನಕ್ಕೆ ಉರುಳಿಸಿ ಸೋಸಿ, ಉಳಿದ ಲೋಹವನ್ನು ಐಸಿಪಿ ಯಂತ್ರದಲ್ಲಿ ಅಳೆಸಿ. ಚಿನ್ನವೊಂದನ್ನೇ ಅಳೆಸಿದರೆ ಸಾಲದು, ತಾಮ್ರ, ನಿಕ್ಕಲ್, ಕಬ್ಬಿಣವನ್ನೂ ಬರೆಸಿ. ಆಮೇಲೆ ಎರಡು ಸಣ್ಣ ಕಾಲಮ್‌ಗಳನ್ನು ಒಂದರ ಹಿಂದೆ ಒಂದು ಇಟ್ಟು ನೀರು ಹರಿಸಿ. ಮೊದಲನೆಯದು ತುಂಬಿದಾಗ ಎರಡನೆಯದನ್ನು ಮುಂದಕ್ಕೆ ತನ್ನಿ, ಹಿಂದೆ ಹೊಸದನ್ನು ಇಡಿ. ಬಿಡಿಸುವ ದಾರಿ ಆರಿಸಿಕೊಂಡಿದ್ದರೆ ಅದೇ ಇದ್ದಿಲನ್ನು ಕನಿಷ್ಠ ಮೂರು ಸುತ್ತು ಓಡಿಸಿ ನೋಡಿದ ಮೇಲೆ ಟನ್‌ಗಟ್ಟಲೆ ಆರ್ಡರ್ ಕೊಡಿ.

ಎರಡು ಎಚ್ಚರಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಸೈನೈಡ್ ಇರುವ ನೀರಿನ ಪಿಎಚ್ 10.5ಕ್ಕಿಂತ ಕೆಳಗೆ ಇಳಿಯಬಾರದು. ಕ್ಯಾಲ್ಸಿಯಂ ತೆಗೆಯಲು ಇದ್ದಿಲಿಗೆ ಆಮ್ಲ ಹಾಕುವ ಮುಂಚೆ ಸೈನೈಡ್ ಪೂರ್ತಿ ತೊಳೆದಿರಬೇಕು, ಇಲ್ಲವಾದರೆ ಎದ್ದು ಬರುವುದು ಹೈಡ್ರೋಜನ್ ಸೈನೈಡ್ ಅನಿಲ. ಎರಡನೆಯದು ಅನೇಕರಿಗೆ ತಿಳಿದೇ ಇರುವುದಿಲ್ಲ: ಒದ್ದೆ ಸಕ್ರಿಯ ಇದ್ದಿಲು ಮುಚ್ಚಿದ ತೊಟ್ಟಿಯೊಳಗಿನ ಗಾಳಿಯಿಂದ ಆಮ್ಲಜನಕವನ್ನು ಹೀರಿಬಿಡುತ್ತದೆ. ಖಾಲಿ ತೊಟ್ಟಿ ಎಂದುಕೊಂಡು ಇಳಿದ ಕೆಲಸಗಾರ ವಾಸನೆಯೇ ಇಲ್ಲದೆ ಕುಸಿಯುತ್ತಾನೆ. ಆಮ್ಲಜನಕ ಅಳೆಯದೆ ಯಾರನ್ನೂ ಒಳಗೆ ಇಳಿಸಬೇಡಿ.

ಯಾರಿಗೆ ಯಾವುದು

ಅಕ್ಕಸಾಲಿಗರ ಅಂಗಡಿಯ ಧೂಳು, ಪಾಲಿಶ್ ಚಿಂದಿಗೆ ಇದ್ದಿಲೂ ಬೇಡ, ರೆಸಿನ್ನೂ ಬೇಡ. ಸುಟ್ಟು ಕರಗಿಸುವ ರಿಫೈನರಿಗೆ ಕೊಡುವುದೇ ಲಾಭ. ಪ್ಲೇಟಿಂಗ್ ಘಟಕದ ಕೊನೆಯ ತೊಳೆಯುವ ನೀರಿಗೆ ಚಿಪ್ಪಿನ ಇದ್ದಿಲು ಅಥವಾ ಪ್ರಬಲ ಋಣ-ಅಯಾನು ರೆಸಿನ್, ಎರಡೂ ನಡೆಯುತ್ತವೆ. ಸಾಬೂನು, ಬ್ರೈಟನರ್‌ಗಳು (ಹೊಳಪು ತರಲು ಬೆರೆಸುವ ರಾಸಾಯನಿಕಗಳು) ಹೆಚ್ಚಿದ್ದರೆ ರೆಸಿನ್ ಕಡೆ ವಾಲಿ. ಬೋರ್ಡು ಕರಗಿಸುವವರು ತಾಮ್ರವನ್ನು ಮೊದಲೇ ಬೇರೆ ಮಾಡಿ, ಉಳಿದದ್ದನ್ನು ಕ್ಲೋರೈಡ್‌ನಲ್ಲಿ ಕರಗಿಸಿ, ಇದ್ದಿಲಿನ ಮೇಲೆ ಇಳಿಸಿ, ಕ್ಲೋರೈಡ್ ತೊಳೆದು, ಸುಡಿಸಿ. ವಾಹನಗಳ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ರೋಡಿಯಂ ಕೂಡ ಇರುವುದರಿಂದ ಅದನ್ನು ಸಣ್ಣ ಘಟಕದಲ್ಲಿ ಮುಟ್ಟದೆ ದೊಡ್ಡ ರಿಫೈನರಿಗೆ ಮಾರುವುದೇ ವಾಸಿ.

ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮಾತು ಎಲ್ಲಕ್ಕಿಂತ ದೊಡ್ಡದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೂ ಊರಿನ ನಡುವೆ ನಿಂತಿರುವ ಆ ತ್ಯಾಜ್ಯ 3 ಕೋಟಿ ಟನ್ನಿಗೂ ಮೀರಿದ್ದು. 2024ರ ಜೂನ್‌ನಲ್ಲಿ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನುಣ್ಣಗೆ ಅರೆದ, ಸೋಸಲು ಕಷ್ಟವಾದ, ಚಿನ್ನ ತೀರ ಕಡಿಮೆ ಇರುವ ಇಂಥ ರಾಶಿಗೆ ಸತು ಒಗ್ಗುವುದಿಲ್ಲ, ರೆಸಿನ್‌ನ ಬೆಲೆ ತಾಳುವುದಿಲ್ಲ. ಜೋಹಾನ್ಸ್‌ಬರ್ಗ್ ಬಳಿಯ ಎರ್ಗೊ ಘಟಕ ಟನ್ನಿಗೆ ಅರ್ಧ ಗ್ರಾಮೂ ಇಲ್ಲದ ಹಳೆಯ ದಿಬ್ಬಗಳನ್ನು ಇದ್ದಿಲಿನಿಂದಲೇ ಸಂಸ್ಕರಿಸುತ್ತಿದೆ. ಕೆಜಿಎಫ್‌ಗೂ ನನ್ನ ಮತ ಗಟ್ಟಿ ಚಿಪ್ಪಿನ ಇದ್ದಿಲನ್ನು ಕೆಸರಿನಲ್ಲೇ ಹಾಕುವುದಕ್ಕೆ, ಒಂದು ಷರತ್ತಿನ ಮೇಲೆ: ಹೊರಬರುವ ಕೆಸರಿನ ಸೈನೈಡನ್ನು ಪೂರ್ತಿ ನಾಶಮಾಡುವ ಘಟಕ ಮೊದಲು ಕಟ್ಟಬೇಕು, ಇದ್ದಿಲಿನ ತೊಟ್ಟಿ ಆಮೇಲೆ. ಗಾಳಿ ಬೀಸಿದಾಗಲೆಲ್ಲ ಆ ದಿಬ್ಬಗಳ ಧೂಳು ಕುಡಿದು ಬದುಕಿದ ಊರಿಗೆ ಇನ್ನೊಂದು ಹೊಸ ದಿಬ್ಬ ಕೊಡುವಂತಿಲ್ಲ.